ಕಾಯಿಲೆ ಇಲ್ಲದ ಪಾತ್ರ

ವೈದ್ಯಕೀಯ ಕಾಲೇಜಿನಲ್ಲಿ ಅವಳನ್ನು ಎಲ್ಲರೂ ಕಾಯಿಲೆ ಅಕ್ಕ ಎಂದು ಕರೆಯುತ್ತಿದ್ದರು. ರೋಗಿಯಾಗಿರುವುದೇ ಅವಳ ಉದ್ಯೋಗ. ಪರೀಕ್ಷೆಯ ದಿನ ಒಂದು ಸಣ್ಣ ಕೋಣೆಯಲ್ಲಿ ಕೂತಿರುವಳು. ಗಂಟೆ ಬಾರಿಸಿದಾಗ ಒಬ್ಬ ವಿದ್ಯಾರ್ಥಿ ಒಳಗೆ ಬಂದು ಅವಳ ಕಷ್ಟ ವಿಚಾರಿಸುವನು. ಮೂಲೆಯಲ್ಲಿ ಕೂತ ಪರೀಕ್ಷಕರು ಅಂಕ ಹಾಕುವರು. ಮತ್ತೆ ಗಂಟೆಯಾದರೆ ಅವನು ಹೋಗಿ ಇನ್ನೊಬ್ಬ ಬರುವನು, ಅವಳ ಕಷ್ಟ ಮೊದಲಿನಿಂದ ಶುರುವಾಗುವುದು. ಹೀಗೆ ಅವಳಿಗೆ ಎದೆನೋವು, ಸಕ್ಕರೆ ಕಾಯಿಲೆ, ಕಿವಿಯಲ್ಲಿ ಶಬ್ದ, ಬದುಕು ಬೇಡವೆನ್ನಿಸುವುದು, ಮಂಡಿ ಊತ ಎಲ್ಲವೂ ಬಂದು ಹೋಗಿದ್ದವು. ಮೊದಲು ಅವಳು ಒಂದು ನಾಟಕದ ತಂಡದಲ್ಲಿದ್ದಳು. ಅಲ್ಲಿ ಅವಳಿಗೆ ಯಾವಾಗಲೂ ಬಾಗಿಲು ತೆಗೆಯುವ ಪಾತ್ರ. ಇಲ್ಲಿಗೆ ಬಂದ ಮೇಲೆ ಪ್ರತಿ ಸಲವೂ ಅವಳೇ ನಾಯಕಿ.

ಈ ಸಲದ ಪಾತ್ರವನ್ನು ವಿವರಿಸಲು ಸ್ತ್ರೀರೋಗ ವಿಭಾಗದ ಪ್ರೊಫೆಸರ್ ಅವಳನ್ನು ತಮ್ಮ ಕೋಣೆಗೆ ಕರೆಸಿಕೊಂಡರು. ಅಲ್ಲಿ ಪುಸ್ತಕಗಳ ಮೇಲೆ ಪುಸ್ತಕ, ಅದರ ಮೇಲೆ ಒಣಗುತ್ತಿರುವ ಒಂದು ಗಿಡ.

"ನಲವತ್ನಾಲ್ಕು ವಯಸ್ಸು," ಎಂದರು ಪ್ರೊಫೆಸರ್. "ಎರಡನೇ ಮದುವೆಯಾಗಿ ಹತ್ತಿರ ಹತ್ತಿರ ಒಂದು ವರ್ಷ. ತಂಗಿ ಮಗಳಿಗೆ ಸ್ಕೂಲಲ್ಲಿ ಎಚ್‌ಪಿವಿ ಲಸಿಕೆ ಹಾಕಿದ್ದಾರೆ. ಗರ್ಭಕಂಠದ ಕ್ಯಾನ್ಸರ್ ಬರದೇ ಇರ್ಲಿ ಅಂತ ಹಾಕ್ತಾರಲ್ಲ, ಅದು. ನಾನೂ ಹಾಕಿಸ್ಕೋಬೇಕಾ ಅಂತ ಕೇಳೋಕೆ ಬಂದಿದ್ದಾಳೆ."

ಕಾಯಿಲೆ ಅಕ್ಕ ಸ್ವಲ್ಪ ಹೊತ್ತು ಪ್ರೊಫೆಸರರ ಮುಖ ನೋಡಿದಳು. ಅವಳಿಗೂ ಎರಡನೇ ಮದುವೆಯಾಗಿ ವರ್ಷ ತುಂಬುತ್ತಿತ್ತು. ವಯಸ್ಸು ಮಾತ್ರ ಪಾತ್ರಕ್ಕಿಂತ ನಾಲ್ಕು ಹೆಚ್ಚು. ಪಾತ್ರಗಳಲ್ಲಿ ವಯಸ್ಸು ಕಡಿಮೆಯಾಗುವುದು ಅಪರೂಪವಾದ್ದರಿಂದ ಅದಕ್ಕೆ ಅವಳ ತಕರಾರಿರಲಿಲ್ಲ.

"ನನ್ನ ನೋಡಿ ಬರೆದ್ರಾ ಮೇಡಂ?"

"ಛೆ, ಛೆ. ಹೊಸ ಸಂಬಂಧ ಇದ್ರೆ ಆ ಪ್ರಶ್ನೆಗೆ ಒಂದು ಅರ್ಥ ಬರುತ್ತೆ. ಅದಕ್ಕೆ ಹಾಗೆ ಬರ್ದಿದ್ದು."

"ಮತ್ತೆ ಕಾಯಿಲೆ ಏನು?"

"ಕಾಯಿಲೆ ಏನೂ ಇಲ್ಲ. ಬರೀ ಪ್ರಶ್ನೆ."

ಅವಳಿಗೆ ಕೊಂಚ ಅವಮಾನವಾಯಿತು. ಕಾಯಿಲೆ ಇಲ್ಲದ ಪಾತ್ರವನ್ನು ಯಾರು ಬೇಕಾದರೂ ಮಾಡಬಹುದು. ಕಾಲೇಜಿನ ಗುಮಾಸ್ತೆಯನ್ನೇ ಕೂರಿಸಬಹುದಿತ್ತು.

"ಸರಿಯಾದ ಉತ್ತರ ಯಾವುದು?"

"ಅದೇ ಕಷ್ಟ ನೋಡಿ. ಎಳೇ ಹುಡುಗಿಯರಾದ್ರೆ ಹಾಕಿಸ್ಕೊಳ್ಳಿ ಅಂತ ಹೇಳಿ ಕಳಿಸಿಬಿಡಬಹುದು. ಈ ವಯಸ್ಸಿಗೆ ಆ ವೈರಸ್ಸು ಯಾವಾಗ್ಲೋ ಬಂದು ಹೋಗಿರಬಹುದು, ಇಲ್ಲಾ ಒಳಗೇ ಕೂತಿರಬಹುದು. ಕೂತಿರೋದನ್ನ ಲಸಿಕೆ ಎಬ್ಬಿಸಿ ಓಡ್ಸೋದಿಲ್ಲ. ಹೊಸದಾಗಿ ಬರೋದನ್ನ ತಡೀಬಹುದು. ಲಾಭ ಇಲ್ಲ ಅಂತಲ್ಲ, ಕಡಿಮೆ. ಹಾಕಿಸ್ಕೊಂಡ್ರೂ ಗರ್ಭಕಂಠದ ಪರೀಕ್ಷೆ ತಪ್ಪಿಸೋ ಹಾಗಿಲ್ಲ. ಇಷ್ಟನ್ನ ಹೆದರಿಸದೆ, ನಗಾಡದೆ ಹೇಳಿ, ಅವಳ ಜೊತೆ ಕೂತು ತೀರ್ಮಾನಕ್ಕೆ ಬರಬೇಕು."

"ಹಾಗಾದ್ರೆ ಹಾಕಿಸ್ಕೋಬೇಕಾ, ಬೇಡ್ವಾ?"

ಪ್ರೊಫೆಸರ್ ಕನ್ನಡಕ ತೆಗೆದರು. "ಯಾರು? ಪಾತ್ರನಾ, ನೀವಾ?"

"ಪಾತ್ರ ಮೇಡಂ," ಎಂದಳು.

ಕಾಯಿಲೆ ಅಕ್ಕನಿಗೆ ನಿಜವಾಗಿಯೇ ಕೆಲವು ತಿಂಗಳಿಂದ ಗಂಡನ ಜೊತೆ ಮಲಗಿದ ಮೇಲೆ ರಕ್ತ ಕಾಣಿಸುತ್ತಿತ್ತು. ಹೆಚ್ಚೇನಲ್ಲ. ಮೊದಲನೆಯ ಸಲ ಏನೋ ಉಷ್ಣವಿರಬೇಕು ಎಂದುಕೊಂಡವಳು ಆಮೇಲಿನ ಸಲಗಳಿಗೆ ಏನೂ ಅಂದುಕೊಳ್ಳದೆ ಸುಮ್ಮನಾಗಿದ್ದಳು. ಬಟ್ಟೆಯನ್ನು ತಣ್ಣೀರಿನಲ್ಲಿ ತೊಳೆದು ಬಾಗಿಲ ಹಿಂದೆ ಒಣಹಾಕುತ್ತಿದ್ದಳು. ಅವಳ ಸ್ವಂತ ತಂಗಿಯ ಮಗಳೂ ಲಸಿಕೆ ಹಾಕಿಸಿಕೊಂಡು ಬಂದು ತೋಳು ತೋರಿಸಿದ ದಿನ ಅವಳಿಗೆ ಒಂದು ದಾರಿ ಹೊಳೆದಿತ್ತು: ಯಾರಿಗೂ ಹೇಳದೆ ತಾನೂ ಒಂದು ಸೂಜಿ ಚುಚ್ಚಿಸಿಕೊಂಡರೆ ಈ ವಿಷಯ ಮುಗಿಯಬಹುದು. ಈಗ ಪ್ರೊಫೆಸರ್ ಆ ದಾರಿಯನ್ನೂ ಮುಚ್ಚಿದ್ದರು, ಅದೂ ಪಾತ್ರದ ಲೆಕ್ಕದಲ್ಲಿ.

ಗಂಡನಿಗೆ ಕನ್ನಡಕದ ಅಂಗಡಿ. ಅವನ ಮೊದಲ ಹೆಂಡತಿ ಬಹಳ ದಿನ ನರಳಿ ತೀರಿಹೋಗಿದ್ದಳು. ಅವನು ಆ ದಿನಗಳಲ್ಲಿ ಗಂಜಿ ಕಾಯಿಸುವುದು, ಹಾಸಿಗೆ ಬದಲಿಸುವುದು, ಆಸ್ಪತ್ರೆಯ ಬೆಂಚಿನ ಮೇಲೆ ಕೂತೇ ನಿದ್ದೆ ಮಾಡುವುದು ಎಲ್ಲವನ್ನೂ ಕಲಿತಿದ್ದ. ಮರೆಯಲು ಮಾತ್ರ ಕಲಿತಿರಲಿಲ್ಲ. ತನ್ನನ್ನು ಅವನು ಯಾಕೆ ಮೆಚ್ಚಿದ ಎಂಬುದರ ಬಗ್ಗೆ ಕಾಯಿಲೆ ಅಕ್ಕನಿಗೆ ತನ್ನದೇ ಒಂದು ಅಭಿಪ್ರಾಯವಿತ್ತು. ಎಂಥ ರೋಗ ಬಂದರೂ ಸಂಜೆ ಐದಕ್ಕೆ ಗುಣವಾಗಿ ಮನೆಗೆ ಬರುವ ಹೆಂಗಸು ಅವನಿಗೆ ಬೇಕಾಗಿದ್ದಳು. ಅಂಥವಳು ಸಿಕ್ಕಿದ್ದಳು.

ಪರೀಕ್ಷೆಯ ಹಿಂದಿನ ಸಂಜೆ ರೂಢಿಯಂತೆ ಊಟದ ಮೇಜಿನ ಮೇಲೆ ಅಭ್ಯಾಸ ನಡೆಯಿತು. ಅವನು ಡಾಕ್ಟರು, ಅವಳು ರೋಗಿ.

"ಲಸಿಕೆ ಹಾಕಿಸ್ಕೋಬೇಕಾ ಡಾಕ್ಟ್ರೇ?"

"ಹಾಕಿಸ್ಕೊಂಡ್ರೆ ವಾಸಿನಾ? ಹಾಕಿಸ್ಕೊಳ್ಳದಿದ್ರೆ ವಾಸಿನಾ?" ಎಂದ ಅವನು. ಅಂಗಡಿಯಲ್ಲಿ ಇಡೀ ದಿನ ಗಾಜು ಬದಲಿಸುತ್ತ ಇದು ಸ್ಪಷ್ಟವೋ ಅದು ಸ್ಪಷ್ಟವೋ ಎಂದು ಕೇಳಿ ಅವನಿಗೆ ಎಲ್ಲದಕ್ಕೂ ಅದೇ ಅಭ್ಯಾಸವಾಗಿತ್ತು.

"ನೀವು ಹೇಳ್ಬೇಕು ರೀ. ಡಾಕ್ಟರು ನೀವು."

"ಸರಿ. ಬೇರೆ ಏನಾದ್ರೂ ತೊಂದರೆ ಇದೆಯಾ ಅಮ್ಮ ನಿಮಗೆ?"

ಅವಳು ತಟ್ಟೆ ನೋಡಿದಳು. "ಇಲ್ಲ ಡಾಕ್ಟ್ರೇ."

"ಸದ್ಯ! ಈ ಸಲದ ಪಾತ್ರ ಚೆನ್ನಾಗಿದೆ ಕಣೇ," ಎಂದು ಅವನು ಸಂತೋಷದಿಂದ ಇನ್ನೊಂದಿಷ್ಟು ಅನ್ನ ಬಡಿಸಿಕೊಂಡ. "ಹೋದ ಸಲ ಯಕೃತ್ತು ಅಂತ ಏನೋ ಇತ್ತಲ್ಲ, ನನಗೆ ಊಟ ಸೇರಿರಲಿಲ್ಲ."

ಪರೀಕ್ಷೆ ಬೆಳಗ್ಗೆ ಶುರುವಾಯಿತು. ಮೂಲೆಯಲ್ಲಿ ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರು, ದಪ್ಪ ಸ್ವೆಟರಿನವರು, ಮಾತಾಡುವಂತಿಲ್ಲ. ಮೊದಲು ಬಂದ ಹುಡುಗ ಲಸಿಕೆಯ ಚರಿತ್ರೆಯನ್ನೆಲ್ಲ ಹೇಳಿ, ಗಂಟೆಯಾದಾಗ ಅವಳು ಯಾಕೆ ಬಂದಿದ್ದಾಳೆಂದು ಕೇಳುವುದು ಮರೆತಿದ್ದೇನೆ ಎಂದು ಗೊತ್ತಾಗಿ ಬಾಗಿಲಲ್ಲಿ ನಿಂತು "ಯಾಕೆ ಬಂದ್ರಿ?" ಎಂದು ಕೇಳಿ ಹೋದ. ಇನ್ನೊಬ್ಬಳು ಬೇಡವೇ ಬೇಡ ಎಂದಳು. ಅವಳ ಹಿಂದೆ ಬಂದವನು ಇವತ್ತೇ ಹಾಕಿಸಿಕೊಳ್ಳಿ ಎಂದು ತೋಳೇರಿಸಲು ಹೇಳಿದ. ಒಬ್ಬ ಮೆಲ್ಲಗೆ, "ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಆಂಟಿ?" ಎಂದ.

"ಯಾವುದೆಲ್ಲ ಕಂದ?" ಎಂದಳು ಕಾಯಿಲೆ ಅಕ್ಕ. ಅದು ಪಾತ್ರದಲ್ಲಿರಲಿಲ್ಲ. ಅವನು ಕಿವಿಯವರೆಗೂ ಕೆಂಪಾಗಿ, ಉಳಿದ ಸಮಯವನ್ನು ಕೈ ತೊಳೆಯುವುದರಲ್ಲಿ ಕಳೆದ.

ಆಮೇಲೆ ಒಬ್ಬ ಉದ್ದ ಕುತ್ತಿಗೆಯ ಹುಡುಗಿ ಬಂದಳು. ಬಂದವಳೇ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಲಸಿಕೆಯ ಬಗ್ಗೆ ಸ್ವಲ್ಪ ಹೇಳಿದಳು. ನಡುನಡುವೆ ತಪ್ಪು ಹೇಳಿ ತಾನೇ ತಿದ್ದಿಕೊಂಡಳು. ನಂತರ, "ಬೇರೆ ಏನಾದ್ರೂ ತೊಂದರೆ ಇದೆಯಾ?" ಎಂದು ಕೇಳಿದಳು. ಅದನ್ನು ಇನ್ನೂ ಕೆಲವರು ಕೇಳಿದ್ದರು. ಆದರೆ ಉಳಿದವರು ಕೇಳುತ್ತಲೇ ಮುಂದಿನ ಪ್ರಶ್ನೆಗೆ ಹೋಗುತ್ತಿದ್ದರು. ಈ ಹುಡುಗಿಗೆ ಮುಂದಿನ ಪ್ರಶ್ನೆ ಮರೆತುಹೋಗಿತ್ತು. ಅದನ್ನು ನೆನಪಿಸಿಕೊಳ್ಳುತ್ತ ಅವಳು ಕಾಯಿಲೆ ಅಕ್ಕನ ಮುಖವನ್ನೇ ನೋಡುತ್ತ ಸುಮ್ಮನೆ ಕೂತಳು.

ಆ ಮೌನದಲ್ಲಿ ಕಾಯಿಲೆ ಅಕ್ಕ, "ಗಂಡನ ಜೊತೆ ಇದ್ದ ಮೇಲೆ ರಕ್ತ ಹೋಗುತ್ತೆ," ಎಂದಳು.

ಪರೀಕ್ಷಕರ ಪೆನ್ನು ನಿಂತಿತು. ಹುಡುಗಿ ಬೆಪ್ಪಾಗಿ, "ಲಸಿಕೆ ವಿಷಯ ಇರ್ಲಿ ಅಮ್ಮ," ಎನ್ನುವಷ್ಟರಲ್ಲಿ ಗಂಟೆ ಬಾರಿಸಿತು. ಅವಳು ಎದ್ದು ಹೋಗಬೇಕಾಯಿತು.

ಒಬ್ಬರಿಗೆ ಹೇಳಿದ ಮೇಲೆ ಉಳಿದವರಿಗೆ ಹೇಳದಿದ್ದರೆ ಅನ್ಯಾಯವಾಗುತ್ತದೆ. ಪಾತ್ರ ಎಲ್ಲರಿಗೂ ಒಂದೇ ಆಗಿರಬೇಕು ಎಂಬುದು ಅವಳ ವೃತ್ತಿಯ ಮೊದಲ ನಿಯಮ. ಆದ್ದರಿಂದ ಮುಂದೆ ಬಂದ ಎಲ್ಲರಿಗೂ ಅವಳು ರಕ್ತದ ವಿಷಯ ಹೇಳಿದಳು. ಹೇಳುತ್ತ ಹೇಳುತ್ತ ಅದು ಸಲೀಸಾಯಿತು. ಯಾವ ಪದದ ಮೇಲೆ ತಡವರಿಸಬೇಕು, ಎಲ್ಲಿ ಕಿಟಕಿಯ ಕಡೆ ನೋಡಬೇಕು ಎಂಬುದೆಲ್ಲ ತಾನಾಗಿಯೇ ಬಂತು. ಕೊನೆಯವನು ಹೋದಾಗ ಸ್ವೆಟರಿನ ಪರೀಕ್ಷಕರು ನಿಯಮ ಮುರಿದು ಬಾಯಿಬಿಟ್ಟರು. "ತುಂಬ ಚೆನ್ನಾಗಿ ಮಾಡ್ತೀರಿ ಅಮ್ಮ. ನಿಜ ಅನ್ಸಿಬಿಡ್ತು."

ಮಧ್ಯಾಹ್ನ ಪ್ರೊಫೆಸರ್ ಅವಳನ್ನು ನಿಲ್ಲಿಸಿ ತರಾಟೆಗೆ ತೆಗೆದುಕೊಂಡರು.

"ಅರ್ಧ ಜನಕ್ಕೆ ರಕ್ತ ಇಲ್ಲ, ಅರ್ಧ ಜನಕ್ಕೆ ರಕ್ತ ಇದೆ! ಈಗ ಅಂಕ ಯಾವ ಲೆಕ್ಕದಲ್ಲಿ ಕೊಡ್ಲಿ? ಯಾರು ನಿಮಗೆ ರಕ್ತ ಸೇರಿಸೋಕೆ ಹೇಳಿದ್ದು?"

"ಪಾತ್ರಕ್ಕೆ ಬಂತು ಮೇಡಂ."

"ಬಂತು ಅಂದ್ರೆ? ರಕ್ತ ಬಂದ್ರೆ ಇಡೀ ಪ್ರಶ್ನೆನೇ ಬೇರೆ ಆಗುತ್ತಲ್ರೀ. ಆಮೇಲೆ ಲಸಿಕೆ ಮಾತು ಯಾರು ಆಡ್ತಾರೆ? ಅಂಥ ಹೆಂಗಸನ್ನ ಮೊದಲು ಒಳಪರೀಕ್ಷೆ ಮಾಡ್ಬೇಕು, ಗರ್ಭಕಂಠದಿಂದ ಮಾದರಿ ತೆಗೀಬೇಕು. ಇವತ್ತು ನಾಳೆ ಅಂತ ಮುಂದಕ್ಕೆ ಹಾಕೋ ವಿಷಯ ಅಲ್ಲ ಅದು. ಗೊತ್ತಾಯ್ತಾ?"

"ಗೊತ್ತಾಯ್ತು ಮೇಡಂ. ಅದು ಕ್ಯಾನ್ಸರೇ ಇರುತ್ತಾ?"

"ಬಹಳ ಸಲ ಇರಲ್ಲ. ಆದ್ರೆ ನೋಡದೆ ಹಾಗಂತ ಹೇಳೋನು ಡಾಕ್ಟರೇ ಅಲ್ಲ." ಪ್ರೊಫೆಸರರಿಗೆ ಏದುಸಿರು ಹತ್ತಿತ್ತು. "ಇನ್ನೊಂದು ಸಲ ಹೀಗೆ ಮಾಡಿದ್ರೆ ಬೇರೆಯವರನ್ನ ಹುಡುಕ್ತೀನಿ."

ಇಷ್ಟು ಸ್ಪಷ್ಟವಾದ ಸಲಹೆಯನ್ನು ಕಾಯಿಲೆ ಅಕ್ಕ ಈವರೆಗೆ ಯಾವ ಡಾಕ್ಟರಿಂದಲೂ ಪಡೆದಿರಲಿಲ್ಲ.

ಮರುದಿನ ಅವಳು ಕಾಲೇಜಿಗೆ ಅಂಟಿಕೊಂಡಿದ್ದ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಚೀಟಿ ಮಾಡಿಸಿ ಬೆಂಚಿನ ಮೇಲೆ ಕೂತಳು. ಅಷ್ಟು ವರ್ಷದಲ್ಲಿ ಆ ಬೆಂಚಿನ ಮೇಲೆ ಅವಳು ತನಗೋಸ್ಕರ ಕೂತಿದ್ದು ಅದೇ ಮೊದಲು. ಸರದಿ ಬಂದು ಒಳಗೆ ಹೋದರೆ, ಮೇಜಿನ ಆಚೆ ಇದ್ದವನು ಹಳೆಯ ವಿದ್ಯಾರ್ಥಿ. ಅವನ ಕೊನೆಯ ವರ್ಷದ ಪರೀಕ್ಷೆಯಲ್ಲಿ ಅವಳಿಗೆ ಪಿತ್ತಕೋಶದಲ್ಲಿ ಕಲ್ಲಿತ್ತು.

"ಅಯ್ಯೋ, ಕಾಯಿಲೆ ಅಕ್ಕ!" ಎಂದು ಅವನು ಎದ್ದೇ ನಿಂತ. ತಕ್ಷಣ ಬಾಗಿಲು ಮುಚ್ಚಿ, ಕೋಟಿನ ಗುಂಡಿ ಹಾಕಿಕೊಂಡು, ದನಿ ತಗ್ಗಿಸಿದ. "ತಪಾಸಣೆನಾ? ಯಾರು ಕಳಿಸಿದ್ರು? ಬೇಡ, ಬೇಡ, ಹೇಳ್ಬೇಡಿ."

ಡಾಕ್ಟರುಗಳು ರೋಗಿಗಳ ಜೊತೆ ಹೇಗೆ ಮಾತಾಡುತ್ತಾರೆಂದು ನೋಡಲು ಆಸ್ಪತ್ರೆಯವರು ಆಗಾಗ ಸುಳ್ಳು ರೋಗಿಗಳನ್ನು ಕಳಿಸುವುದುಂಟು. ಕಾಯಿಲೆ ಅಕ್ಕ ತಾನೂ ಒಂದೆರಡು ಸಲ ಹೋಗಿದ್ದಳು.

"ತಪಾಸಣೆ ಅಲ್ಲ ಡಾಕ್ಟ್ರೇ. ನನಗೇ ಆಗಿದೆ."

"ಹಾಗೇ ಆಗ್ಲಿ," ಎಂದು ಅವನು ಕಣ್ಣು ಮಿಟುಕಿಸಿ, ಕೂತು, ಕುರ್ಚಿಯನ್ನು ಸರಿಯಾದ ಕೋನಕ್ಕೆ ತಿರುಗಿಸಿಕೊಂಡ. "ನಮಸ್ಕಾರ ಅಮ್ಮ. ಇವತ್ತು ಏನು ತೊಂದರೆ ಅಂತ ಬಂದ್ರಿ?"

ಅವಳು ಹೇಳಿದಳು. ಹಿಂದಿನ ದಿನ ಅಷ್ಟೊಂದು ಜನಕ್ಕೆ ಹೇಳಿ ಪಳಗಿದ್ದರಿಂದ ಅದು ಅಚ್ಚುಕಟ್ಟಾಗಿ ಬಂತು. ತಡವರಿಸಬೇಕಾದಲ್ಲಿ ತಡವರಿಸಿತು. ಕಿಟಕಿಯ ಕಡೆ ನೋಡಬೇಕಾದಲ್ಲಿ ಅವಳ ಕಣ್ಣು ತಾನಾಗಿಯೇ ಕಿಟಕಿಯ ಕಡೆ ಹೋಯಿತು. ಅವಳಿಗೇ ತನ್ನ ಮೇಲೆ ಸಿಟ್ಟು ಬಂತು.

ಡಾಕ್ಟರೂ ಏನೂ ಕಡಿಮೆಯಿರಲಿಲ್ಲ. ಕೇಳಬೇಕಾದ್ದನ್ನೆಲ್ಲ ಕೇಳಿದ. "ನಿಮಗೆ ಎಷ್ಟು ಆತಂಕ ಆಗಿರಬಹುದು ಅಂತ ನನಗೆ ಅರ್ಥ ಆಗುತ್ತೆ," ಎಂದ. ಆ ವಾಕ್ಯಕ್ಕೆ ಅಂಕವಿದೆ ಎಂದು ಇಬ್ಬರಿಗೂ ಗೊತ್ತಿತ್ತು. "ಈಗ ನಾನು ನಿಮ್ಮ ಒಪ್ಪಿಗೆ ತಗೊಂಡು ಒಳಪರೀಕ್ಷೆ ಮಾಡ್ತೀನಿ. ಗರ್ಭಕಂಠದ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕಳಿಸ್ತೀನಿ," ಎಂದು ಹೇಳಿ, ತೃಪ್ತಿಯಿಂದ ಕೈಕಟ್ಟಿ ಕೂತ.

ಪರೀಕ್ಷೆಗಳಲ್ಲಿ ಮಾಡುತ್ತೇನೆ ಎಂದು ಹೇಳಿದರೆ ಮಾಡಿದಂತೆಯೇ. ಅವನು ಗಂಟೆಗಾಗಿ ಕಾಯುತ್ತಿದ್ದ. ಅವಳು ಅವನು ಏಳುವುದನ್ನು ಕಾಯುತ್ತಿದ್ದಳು. ಹೊರಗಿನಿಂದ ಯಾರೋ ಬಾಗಿಲು ತಟ್ಟಿ, "ಏನ್ರೀ, ಒಳಗೇ ಬಾಡಿಗೆಗೆ ಬಂದ್ಬಿಟ್ರಾ?" ಎಂದು ಕೂಗಿದರು.

"ಡಾಕ್ಟ್ರೇ, ಇದು ಪಾತ್ರ ಅಲ್ಲ. ನಿಜವಾಗ್ಲೂ ನನ್ನದೇ ರಕ್ತ."

"ಅದ್ಭುತ ಅಕ್ಕ! ಮೈ ಜುಮ್ ಅಂತು ನನಗೆ."

"ನನ್ನಾಣೆ."

"ಸಾಕು ಅಕ್ಕ, ಇನ್ನು ಅಳ್ಸಿಬಿಡ್ತೀರಿ," ಎಂದು ಅವನು ಮೇಜಿನ ಮೇಲಿದ್ದ ಕಾಗದದ ಕರವಸ್ತ್ರದ ಡಬ್ಬಿಯನ್ನು ಅವಳತ್ತ ಸರಿಸಿದ. ಅದಕ್ಕೂ ಅಂಕವಿತ್ತು.

ಅಳು ಬರುತ್ತದೆ ಎಂದುಕೊಂಡಳು. ಬರಲಿಲ್ಲ. ಅದರ ಬದಲು ಬಿಕ್ಕಳಿಕೆ ಬಂತು. ಒಂದಾದ ಮೇಲೆ ಒಂದು. ಹೆದರಿಕೆಯನ್ನು ಅವಳು ಎಷ್ಟೋ ಸಲ ಮಾಡಿ ತೋರಿಸಿದ್ದಳು. ಕೈ ನಡುಗಿಸಿ, ತುಟಿ ಒಣಗಿಸಿ, ದನಿ ಇಳಿಸಿ. ಅದು ನಿಜವಾಗಿ ಬಂದಾಗ ಹೀಗೆ ಹೊಟ್ಟೆಯಿಂದ ಎತ್ತಿಹಾಕುತ್ತದೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅವಳು ಎದ್ದು, ಮೂಲೆಯ ಪರದೆಯನ್ನು ಸರಿಸಿ ಒಳಗೆ ಹೋಗಿ, ಕೆಳಗಿನ ಬಟ್ಟೆ ತೆಗೆದು ಕುರ್ಚಿಯ ಮೇಲೆ ಮಡಿಸಿಟ್ಟು, ಎತ್ತರದ ಮಂಚ ಹತ್ತಿ ಮಲಗಿದಳು. ಹೊದಿಕೆಯನ್ನು ತಾನೇ ಎಳೆದುಕೊಂಡಳು.

ಪಾತ್ರಧಾರಿಗಳು ಇದನ್ನು ಮಾಡುವುದಿಲ್ಲ. ಆ ಕೆಲಸಕ್ಕೆ ಕಾಲೇಜಿನಲ್ಲಿ ಸೊಂಟದಿಂದ ತೊಡೆಯವರೆಗಿನ ಒಂದು ರಬ್ಬರಿನ ಬೊಂಬೆ ಇದೆ. ವಿದ್ಯಾರ್ಥಿಗಳೆಲ್ಲ ಅದನ್ನು ಪರೀಕ್ಷಿಸಿಯೇ ಪಾಸಾಗಿರುವುದು.

ಪರದೆಯ ಆಚೆಯಿಂದ ಅವನ ದನಿ ಬಂತು.

"ಅಕ್ಕ?"

ಅವಳು ಬಿಕ್ಕಳಿಸಿದಳು.

"ಅಕ್ಕ, ನೀವು... ಒಳಗೆ..."

"ಬನ್ನಿ ಡಾಕ್ಟ್ರೇ. ಚಳಿ ಆಗ್ತಿದೆ."

ಕುರ್ಚಿ ಬಿದ್ದ ಸದ್ದಾಯಿತು. "ಸಿಸ್ಟರ್!" ಎಂದು ಅವನು ಬಾಗಿಲು ತೆಗೆದು ಕೂಗಿದ ದನಿಯಲ್ಲಿ ಯಾವ ತಯಾರಿಯೂ ಇರಲಿಲ್ಲ.

ದಪ್ಪನೆಯ ನರ್ಸಮ್ಮ ಒಬ್ಬರು ಬಂದು ದೀಪ ಎಳೆದರು. ಮಂಚದ ಕಾಲು ಸರಿಪಡಿಸಿದರು. "ಬಿಕ್ಕಳಿಕೆ ಬಂದಾಗ ನನಗೆ ಹೇಳಮ್ಮ, ಆಗ ಕೈ ತೆಗೀತಾರೆ," ಎಂದರು. ಡಾಕ್ಟರು ಕೈಗವಸು ಹಾಕಿಕೊಳ್ಳುವಾಗ ಒಂದು ಹರಿಯಿತು, ಇನ್ನೊಂದು ಹಾಕಿಕೊಂಡ. ಅವನ ಹಣೆ ಬೆವರಿತ್ತು. ಸಹಾನುಭೂತಿಯ ಒಂದು ಮಾತನ್ನೂ ಆಡಲಿಲ್ಲ. ನೋವಾಯಿತು, ಆದರೆ ಬೇಗ ಮುಗಿಯಿತು.

ಬಟ್ಟೆ ಉಟ್ಟು ಬಂದು ಕೂತಾಗ ಅವನು ಅವಳ ಮುಖ ನೋಡಲು ಕಷ್ಟಪಡುತ್ತಿದ್ದ.

"ಗರ್ಭಕಂಠದ ಬಾಯಲ್ಲಿ ಒಂದು ಸಣ್ಣ ಗಂಟು ಇದೆ ಅಕ್ಕ. ಪಾಲಿಪ್ ಅಂತೀವಿ. ಅದು ತಾಗಿದ್ರೆ ರಕ್ತ ಬರುತ್ತೆ. ಅದೇ ಇರಬಹುದು. ಹಾಗಿದ್ರೆ ತೆಗೆದುಬಿಡೋದು ಸುಲಭ. ಆದ್ರೆ ಅದೇ ಅಂತ ಈಗ ಹೇಳೋಕಾಗಲ್ಲ. ಮಾದರಿ ಕಳಿಸಿದ್ದೀನಿ. ರಿಪೋರ್ಟ್ ಬರಬೇಕು."

"ಲಸಿಕೆ?"

"ಯಾವ ಲಸಿಕೆ?"

"ಎಚ್‌ಪಿವಿ. ಈ ವಯಸ್ಸಲ್ಲಿ ನಾನು ಹಾಕಿಸ್ಕೋಬೇಕಾ?"

ಅವನು ಯೋಚಿಸಿದ. "ನಿಮಗೆ ನಲವತ್ತೈದು ದಾಟಿದೆ. ಅದಕ್ಕೆ ಒಪ್ಪಿಗೆ ಇರೋದೇ ಅಲ್ಲೀವರೆಗೆ. ಆಮೇಲೂ ಉಪಯೋಗ ಆಗುತ್ತಾ ಅಂದ್ರೆ, ನನಗೆ ಗೊತ್ತಿಲ್ಲ ಅಕ್ಕ. ಮೇಡಂನ ಕೇಳ್ತೀನಿ. ಆದ್ರೆ ಈಗಿನ ಪ್ರಶ್ನೆ ಅದಲ್ಲ. ಈಗ ರಿಪೋರ್ಟು."

ಗೊತ್ತಿಲ್ಲ ಎಂಬ ಮಾತಿಗೆ ಯಾವ ಪರೀಕ್ಷಕರೂ ಅಂಕ ಕೊಡುತ್ತಿರಲಿಲ್ಲ. ಅವಳು ಅದನ್ನು ನಂಬಿದಳು.

"ಮನೆಯವರಿಗೆ ಹೇಳಿದ್ದೀರಾ?" ಎಂದ ಅವನು.

ಬಿಕ್ಕಳಿಕೆ ದಾರಿಯುದ್ದಕ್ಕೂ ನಿಲ್ಲಲಿಲ್ಲ. ಕನ್ನಡಕದ ಅಂಗಡಿಗೆ ಹೋದಾಗ ಅಲ್ಲಿ ಒಬ್ಬ ಅಜ್ಜಿ, ಮೂಗಿನ ಮೇಲೆ ದುಂಡನೆಯ ಪರೀಕ್ಷಾ ಚೌಕಟ್ಟು ಹಾಕಿಕೊಂಡು, ಒಂದು ಕಣ್ಣಿಗೆ ಗಾಜು, ಒಂದಕ್ಕೆ ಕಪ್ಪು ಮುಚ್ಚಳ, ಗೋಡೆಯ ಅಕ್ಷರಗಳನ್ನು ಓದುತ್ತಿದ್ದಳು. ಗಂಡ ಇನ್ನೊಂದು ಗಾಜನ್ನು ಬೆರಳುಗಳ ನಡುವೆ ಹಿಡಿದಿದ್ದ.

"ಇಷ್ಟು ಬೇಗ ಬಂದೆ? ಇವತ್ತು ಏನಾಗಿತ್ತು ನಿನಗೆ?" ಎಂದ ನಗುತ್ತ.

"ಇವತ್ತು ಕೆಲಸ ಇರಲಿಲ್ಲ. ನಾನು ಆಸ್ಪತ್ರೆಗೆ ಹೋಗಿದ್ದೆ. ನನಗೆ ತೋರಿಸ್ಕೊಳ್ಳೋಕೆ."

ಗಾಜು ಅವನ ಕೈಯಲ್ಲೇ ಉಳಿಯಿತು. ಅವಳು ಹೇಳಿದಳು. ಈ ಸಲ ಅದು ಹಿಂದುಮುಂದಾಗಿ ಬಂತು. ಮೊದಲು ಗಂಟು, ಆಮೇಲೆ ನರ್ಸಮ್ಮ, ಆಮೇಲೆ ಬಾಗಿಲ ಹಿಂದೆ ಒಣಹಾಕಿದ ಬಟ್ಟೆ, ಕೊನೆಗೆ ರಕ್ತ. ನಡುವೆ ಬಿಕ್ಕಳಿಕೆ. ಯಾವ ವಿದ್ಯಾರ್ಥಿಯೂ ಅದರಿಂದ ಏನನ್ನೂ ಅರ್ಥ ಮಾಡಿಕೊಳ್ಳಲಾರ. ಅವನಿಗೆ ಅರ್ಥವಾಯಿತು. ಅವನ ಮುಖದ ಬಣ್ಣ ಇಳಿಯುವುದನ್ನು ಅವಳು ನೋಡಿದಳು. ಇಷ್ಟು ತಿಂಗಳು ನೋಡಬಾರದೆಂದುಕೊಂಡಿದ್ದು ಇದನ್ನೇ.

"ನಾನೇನೂ ಕೇಳಿಸ್ಕೊಳ್ಳಲಿಲ್ಲ ಕಣಮ್ಮ," ಎಂದಳು ಅಜ್ಜಿ. "ನನಗೆ ಕನ್ನಡಕ ಇಲ್ಲ ನೋಡು."

ಅವನು ಗಾಜನ್ನು ಪೆಟ್ಟಿಗೆಯಲ್ಲಿಟ್ಟ. ತಪ್ಪು ಮನೆಯಲ್ಲಿಟ್ಟು, ತೆಗೆದು, ಮತ್ತೆ ಸರಿಯಾದ ಮನೆಯಲ್ಲಿಟ್ಟ. ಒಳಗೆ ಹೋಗಿ ಒಂದು ಲೋಟ ನೀರು ತಂದು ಅವಳ ಕೈಗೆ ಕೊಟ್ಟ.

"ಯಾಕೆ ಹೇಳ್ಲಿಲ್ಲ?"

"ನೀವು ಊಟ ಬಿಡ್ತೀರಿ ಅಂತ."

"ಬಿಡ್ತಿದ್ದೆ," ಎಂದ ಅವನು. "ಬಿಟ್ಟು, ನಿನ್ನ ಜೊತೆ ಬರ್ತಿದ್ದೆ."

ಅವಳು ನೀರು ಕುಡಿದಳು. ಬಿಕ್ಕಳಿಕೆ ಹಾಗೇ ಇತ್ತು.

"ರಿಪೋರ್ಟು ಯಾವತ್ತು ಕೊಡ್ತಾರಂತೆ?"

"ಮುಂದಿನ ಸೋಮವಾರ."

"ಸೋಮವಾರ ಅಂಗಡಿ ಇಲ್ಲ," ಎಂದ ಅವನು. "ಬೆಳಗ್ಗೇನೇ ಹೋಗೋಣ. ಆ ಬೆಂಚುಗಳು ನನಗೆ ಗೊತ್ತು, ಗೋಡೆ ಪಕ್ಕದ್ದು ಸಿಗಬೇಕಂದ್ರೆ ಬೇಗ ಹೋಗ್ಬೇಕು."

ಅಜ್ಜಿ ಚೌಕಟ್ಟಿನೊಳಗಿಂದ ಒಂದೇ ಕಣ್ಣಲ್ಲಿ ಇಬ್ಬರನ್ನೂ ನೋಡಿದಳು.

"ಸೋಮವಾರ ನನ್ನ ಕನ್ನಡಕ ಕೊಡ್ತೀನಿ ಅಂದಿದ್ಯಲ್ಲಪ್ಪ!"

"ಮಂಗಳವಾರ ಬನ್ನಿ ಅಜ್ಜಿ," ಎಂದ ಅವನು.